ಪಾರ್ಕಿನಲ್ಲಿ ನಾಯಿ ಕಚ್ಚಿದರೆ: ಕ್ಯಾಲಿಫೋರ್ನಿಯಾಗೆ ಹೊಸದಾಗಿ ಬಂದ ಕುಟುಂಬಗಳಿಗೆ

ಊರಿಂದ ಬಂದ ಅಪ್ಪ-ಅಮ್ಮ ಇಲ್ಲಿ ಮೊದಲು ಕೇಳುವುದೇ ವಾಕಿಂಗಿಗೆ ಹತ್ತಿರ ಯಾವ ಪಾರ್ಕ್ ಇದೆ ಅಂತ. ಫ್ರೀಮಾಂಟಿನ ಲೇಕ್ ಎಲಿಜಬೆತ್ ಸುತ್ತ ಬೆಳಿಗ್ಗೆ ಒಂದು ಸುತ್ತು ಹಾಕಿ ನೋಡಿ, ಕನ್ನಡ, ತೆಲುಗು, ತಮಿಳು ಎಲ್ಲ ಕಿವಿಗೆ ಬೀಳುತ್ತವೆ, ನಾಯಿಗಳೂ ಬೇಕಾದಷ್ಟು. ಹೆಚ್ಚಿನವು ಪಾಪದವು. ಆದರೂ ನಮ್ಮ ಕೂಟಕ್ಕೆ ಆಗಾಗ ಫೋನ್ ಬರುತ್ತದೆ, ಕಥೆ ಬಹುತೇಕ ಒಂದೇ ಥರ. ನಾಯಿ ಎಗರಿ ಕಾಲಿಗೆ ಬಾಯಿ ಹಾಕಿತು, ಅದರ ಒಡತಿ ಹತ್ತು ಸಲ ಸಾರಿ ಕೇಳಿದಳು, ಮಾವನವರು ಸಂಕೋಚಕ್ಕೆ 'ಓಕೆ, ಓಕೆ, ನೋ ಪ್ರಾಬ್ಲಂ' ಅಂದು ಕಳಿಸಿಬಿಟ್ಟರು, ಮನೆಗೆ ಬಂದು ಪ್ಯಾಂಟ್ ಮೇಲೆತ್ತಿದರೆ ಮೀನಖಂಡದಲ್ಲಿ ಎರಡು ಹಲ್ಲಿನ ತೂತು. ಈಗ ಆ ಒಡತಿ ಯಾರು, ನಾಯಿಗೆ ಇಂಜೆಕ್ಷನ್ ಆಗಿದೆಯಾ, ಯಾರಿಗೂ ಗೊತ್ತಿಲ್ಲ.

ಹಾಗಾಗಿ ಈ ಬರಹದಲ್ಲಿ ಬೇರೆ ಏನು ಮರೆತರೂ ಇದೊಂದನ್ನು ಮರೆಯಬೇಡಿ: ನಾಯಿ ಯಾರದ್ದು ಅಂತ ಬರೆದುಕೊಳ್ಳುವ ತನಕ ಅವರನ್ನು ಬಿಡಬೇಡಿ. ಜಗಳ ಬೇಡ, ಕೂಗಾಟ ಬೇಡ. ಹೆಸರು, ಫೋನ್ ನಂಬರ್, ವಿಳಾಸ, ಅಷ್ಟೇ.

ಅಲ್ಲೇ ನಿಂತಾಗ

ಮೊದಲು ಗಾಯ. ಪಾರ್ಕಿನ ನಲ್ಲಿ ಹತ್ತಿರವಿದ್ದರೆ ಅಲ್ಲೇ ತೊಳೆಯಲು ಶುರು ಮಾಡಿ, ಮನೆಗೆ ಬಂದ ಮೇಲೆ ಸೋಪು ಹಾಕಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆಯಿರಿ. ಅರಿಶಿನ, ಕಾಫಿಪುಡಿ ಏನೂ ಬೇಡ.

ಇನ್ನು ಫೋನ್ ತೆಗೆಯಿರಿ. ನಾಯಿಯ ಕೊರಳ ಪಟ್ಟಿಯಲ್ಲಿ ಸಾಮಾನ್ಯವಾಗಿ ಸಣ್ಣ ಲೋಹದ ಬಿಲ್ಲೆಗಳು ನೇತಾಡುತ್ತಿರುತ್ತವೆ, ಒಂದು ಲೈಸೆನ್ಸಿನದು, ಇನ್ನೊಂದು ರೇಬೀಸ್ ಲಸಿಕೆಯದು. ಅದರ ಮೇಲಿನ ನಂಬರ್ ಸಿಕ್ಕರೆ ಮಾಲೀಕರು ಹೆಸರು ಸುಳ್ಳು ಹೇಳಿದರೂ ಪ್ರಾಣಿಗಳ ದೂರು ನೋಡಿಕೊಳ್ಳುವ ಸ್ಥಳೀಯ ಇಲಾಖೆಯಾದ ಅನಿಮಲ್ ಕಂಟ್ರೋಲ್‌ನವರು ಹುಡುಕಬಲ್ಲರು. ನೀವೇ ಬಗ್ಗಿ ಕೈ ಹಾಕಬೇಡಿ ಮತ್ತೆ, ಮಾಲೀಕರಿಗೆ ಹಿಡಿದು ತೋರಿಸಲು ಹೇಳಿ. ಗಾಯದ ಫೋಟೋ, ಹರಿದ ಬಟ್ಟೆಯ ಫೋಟೋ, ನಾಯಿಗೆ ಬೆಲ್ಟ್ (ಕೈಯಲ್ಲಿ ಹಿಡಿಯುವ ಹಗ್ಗ, ಲೀಶ್) ಇತ್ತೋ ಇಲ್ಲವೋ ಅನ್ನುವುದು ಕಾಣುವ ಫೋಟೋ, 'ನಾಯಿಗೆ ಬೆಲ್ಟ್ ಹಾಕಿರಬೇಕು' ಅನ್ನುವ ಬೋರ್ಡ್ ಇದ್ದರೆ ಅದೂ. ನೋಡಿದವರಿದ್ದರೆ ಒಬ್ಬರ ನಂಬರ್ ಕೇಳಿಟ್ಟುಕೊಳ್ಳಿ. ಬಟ್ಟೆಯನ್ನು ಸದ್ಯ ಒಗೆಯಬೇಡಿ.

ಐದಾರು ನಾಯಿಗಳನ್ನು ಒಟ್ಟಿಗೆ ಹಿಡಿದು ನಡೆಯುವ ಹುಡುಗ ಹುಡುಗಿಯರು ಇಲ್ಲಿ ಜಾಸ್ತಿ, ಅವರು ಸಂಬಳಕ್ಕೆ ನಾಯಿ ಸುತ್ತಾಡಿಸುವವರು, ಮಾಲೀಕರಲ್ಲ. ಇಬ್ಬರ ಹೆಸರೂ ಬೇಕು. ಯಾಕೆ ಅಂತ ಮುಂದೆ ಹೇಳುತ್ತೇವೆ.

ಹೆಸರು ಯಾಕೆ ಅಷ್ಟು ಮುಖ್ಯ

ದುಡ್ಡಿಗಿಂತ ಮೊದಲು ಇಂಜೆಕ್ಷನ್ನಿಗೆ. ಅಮೆರಿಕದಲ್ಲಿ ನಾಯಿಯಿಂದ ನಾಯಿಗೆ ಹರಡುವ ರೇಬೀಸ್ ಇಲ್ಲ ಅಂತ 2007ರಲ್ಲೇ ಘೋಷಣೆ ಆಗಿದೆ. ಆದರೆ ಬಾವಲಿ, ಸ್ಕಂಕ್‌ನಂಥ ಕಾಡುಪ್ರಾಣಿಗಳಲ್ಲಿ ರೋಗ ಇನ್ನೂ ಇದೆ, ಅವು ಕಚ್ಚಿದ ನಾಯಿಗೆ ಬರಬಹುದು. ಆದ್ದರಿಂದ ಕ್ಯಾಲಿಫೋರ್ನಿಯಾದಲ್ಲಿ ನಾಯಿ ಕಚ್ಚಿದ್ದನ್ನು ಸ್ಥಳೀಯ ಆರೋಗ್ಯ ಅಧಿಕಾರಿಗೆ ವರದಿ ಮಾಡಲೇಬೇಕು, ಕಚ್ಚಿದ ನಾಯಿಯನ್ನು 10 ದಿನ ಬೇರೆ ಇಟ್ಟು ನೋಡುತ್ತಾರೆ, ಎಷ್ಟೋ ಸಲ ಮಾಲೀಕರ ಮನೆಯಲ್ಲೇ. ಆ 10 ದಿನ ನಾಯಿ ಆರೋಗ್ಯವಾಗಿದ್ದರೆ ಕಚ್ಚಿದಾಗ ಅದರ ಜೊಲ್ಲಿನಲ್ಲಿ ವೈರಸ್ ಇರಲಿಲ್ಲ ಎಂದರ್ಥ, ರೇಬೀಸ್ ಚುಚ್ಚುಮದ್ದು ಬೇಕಾಗುವುದಿಲ್ಲ. ನಾಯಿ ಸಿಗದೇ ಹೋದರೆ ಡಾಕ್ಟರು ಕೋರ್ಸ್ ಶುರು ಮಾಡಿ ಎನ್ನಬಹುದು: ಗಾಯದ ಸುತ್ತ ಇಮ್ಯೂನೋಗ್ಲೋಬ್ಯುಲಿನ್ (ತಕ್ಷಣ ರಕ್ಷಣೆ ಕೊಡುವ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು), ಜೊತೆಗೆ ಮೊದಲ ದಿನ, ಅದಾಗಿ ಮೂರನೇ, ಏಳನೇ, ಹದಿನಾಲ್ಕನೇ ದಿನಕ್ಕೆ ಒಟ್ಟು 4 ಲಸಿಕೆ. ಊರಲ್ಲಿ ಸರ್ಕಾರಿ ಆಸ್ಪತ್ರೆಗೆ ಹೋಗಿ ಹಾಕಿಸಿಕೊಂಡು ಬಂದ ಹಾಗಲ್ಲ, ಇಲ್ಲಿ ಬಿಲ್ ಸಾವಿರಾರು ಡಾಲರ್. ಅದೂ ಸಣ್ಣಪುಟ್ಟ ತುರ್ತಿಗೆ ನೇರ ಹೋಗುವ ಕ್ಲಿನಿಕ್ಕುಗಳಾದ ಅರ್ಜೆಂಟ್ ಕೇರ್‌ಗಳಲ್ಲಿ ಸಿಗುವುದು ಅಪರೂಪ, ಎಮರ್ಜೆನ್ಸಿಗೇ ಹೋಗಬೇಕಾಗುತ್ತದೆ. ಅಂದರೆ ಪಾರ್ಕಿನಲ್ಲಿ ಒಂದು ಹೆಸರು ಬರೆದುಕೊಂಡಿದ್ದರೆ ಇಷ್ಟೂ ತಪ್ಪಬಹುದಿತ್ತು, ಅಲ್ವಾ?

ವರದಿ ಕೊಡುವುದು ಊರಿನ ಅಥವಾ ಕೌಂಟಿಯ ಅನಿಮಲ್ ಕಂಟ್ರೋಲ್‌ಗೆ, ಕೆಲವು ಊರುಗಳಲ್ಲಿ ಈ ಕೆಲಸ ಪೊಲೀಸ್ ಇಲಾಖೆಯದ್ದೇ. ತುರ್ತು ಅಲ್ಲದ ನಂಬರಿಗೆ ಫೋನ್ ಮಾಡಿ 'ಡಾಗ್ ಬೈಟ್ ರಿಪೋರ್ಟ್' ಅಂದರೆ ಸಾಕು. ರಿಪೋರ್ಟ್ ನಂಬರ್ ಕೇಳಿ ತೆಗೆದುಕೊಳ್ಳಿ. ಪಾಪ, ನಾಯಿಯನ್ನು ಕೊಂದುಬಿಡುತ್ತಾರೇನೋ ಅಂತ ಹಿಂಜರಿಯುವವರು ನಮ್ಮಲ್ಲಿ ತುಂಬ ಜನ. ಸಾಕಿದ ನಾಯಿ ಒಂದು ಸಲ ಕಚ್ಚಿತು ಅನ್ನುವ ಕಾರಣಕ್ಕೇ ಸಾಮಾನ್ಯವಾಗಿ ಹಾಗೆ ಮಾಡುವುದಿಲ್ಲ.

ಆಸ್ಪತ್ರೆಯಲ್ಲಿ ಹಿರಿಯರಿಗೆ ಕನ್ನಡ ದುಭಾಷಿ ಬೇಕು ಅಂತ ಕೇಳಿ, ಫೋನಿನಲ್ಲಿ ಉಚಿತವಾಗಿ ಕೊಡುತ್ತಾರೆ. ನೀವೇ ಅನುವಾದಿಸಲು ಹೋದರೆ 'ಏನೂ ಇಲ್ಲ, ಸ್ವಲ್ಪ ತರಚಿದೆ' ಅಂತ ಅವರ ಪರವಾಗಿ ಕಡಿಮೆ ಮಾಡಿ ಹೇಳಿಬಿಡುತ್ತೀರಿ. ಡಾಕ್ಟರು ಅಂದು ಏನು ಬರೆಯುತ್ತಾರೋ ಅದೇ ಮುಂದೆ ದಾಖಲೆ.

ಕಾನೂನು ಏನು ಹೇಳುತ್ತದೆ

ಟೆಕ್ಸಾಸಿನಲ್ಲಿರುವ ನಿಮ್ಮ ಭಾವ 'ಮೊದಲ ಸಲ ಕಚ್ಚಿದರೆ ಮಾಲೀಕನ ಮೇಲೆ ಕೇಸ್ ನಿಲ್ಲಲ್ಲ' ಅಂದರೆ ಅದು ಅಲ್ಲಿಯ ಮಾತು, ಅದೂ ಅರ್ಧ ನಿಜ. ಕ್ಯಾಲಿಫೋರ್ನಿಯಾದ ಸಿವಿಲ್ ಕೋಡ್ ಸೆಕ್ಷನ್ 3342 ಬೇರೆಯೇ ಹೇಳುತ್ತದೆ: ಸಾರ್ವಜನಿಕ ಜಾಗದಲ್ಲಿ, ಅಥವಾ ನೀವು ಕಾನೂನುಬದ್ಧವಾಗಿ ಇರುವ ಖಾಸಗಿ ಜಾಗದಲ್ಲಿ ನಾಯಿ ಕಚ್ಚಿದರೆ ನಷ್ಟಕ್ಕೆ ಮಾಲೀಕರೇ ಹೊಣೆ. 'ಇದು ಹಿಂದೆ ಯಾರನ್ನೂ ಕಚ್ಚಿಲ್ಲ' ಅನ್ನುವುದು ನೆಪವಾಗುವುದಿಲ್ಲ. ಚರ್ಮ ಹರಿಯಲೇಬೇಕು ಅಂತಲೂ ಇಲ್ಲ, ಪ್ಯಾಂಟಿನ ಮೇಲಿಂದ ಹಲ್ಲು ಹಾಕಿ ಹಿಡಿದರೂ ಅದು ಕಚ್ಚಿದ್ದೇ.

ಆದರೆ ನಾಯಿ ಕಚ್ಚದೆ ಬರೀ ಮೈಮೇಲೆ ಎಗರಿ ಅಜ್ಜಿಯನ್ನು ಬೀಳಿಸಿ ಸೊಂಟ ಮುರಿದರೆ ಈ ಸೆಕ್ಷನ್ ಬರುವುದಿಲ್ಲ, ಮಾಲೀಕರ ಅಜಾಗರೂಕತೆಯನ್ನು ನೀವು ತೋರಿಸಬೇಕು. ಅಲ್ಲಿ ಬೆಲ್ಟ್ ಇಲ್ಲದ ನಾಯಿಯ ಫೋಟೋ ಕೆಲಸಕ್ಕೆ ಬರುತ್ತದೆ. ನಾಯಿ ಸುತ್ತಾಡಿಸುವ ಹುಡುಗನ ವಿಷಯವೂ ಹೀಗೆಯೇ, 3342 ಹಿಡಿಯುವುದು ಮಾಲೀಕರನ್ನು, ಹುಡುಗನ ಮೇಲೆ ಹೋಗಬೇಕಾದರೆ ಅವನ ತಪ್ಪು ತೋರಿಸಬೇಕು. ಬೆಲ್ಟ್ ನಿಯಮ ರಾಜ್ಯಕ್ಕೆಲ್ಲ ಒಂದೇ ಅಲ್ಲ, ಊರೂರಿಗೆ ಬೇರೆ. ಬೇಲಿ ಹಾಕಿದ ಡಾಗ್ ಪಾರ್ಕಿನ ಒಳಗೆ ಕಚ್ಚಿಸಿಕೊಂಡರೆ 'ಅಪಾಯ ಗೊತ್ತಿದ್ದೇ ಒಳಗೆ ಬಂದಿರಿ' ಎಂಬ ವಾದ ಎದುರಾಗುತ್ತದೆ, ಮಕ್ಕಳನ್ನು ಅಲ್ಲಿಗೆ ಸುಮ್ನೆ ಕರೆದುಕೊಂಡು ಹೋಗಬೇಡಿ.

ಮಗು ನಾಯಿಯ ಬಾಲ ಎಳೆಯಿತು, ಕೆಣಕಿತು ಅಂತ ಮಾಲೀಕರು ಹೇಳಬಹುದು. ಹಾಗೆ ಕೆಣಕಿದ್ದರೆ ಪರಿಹಾರ ಕಡಿಮೆಯಾಗಬಹುದು, ಆದರೆ 5 ವರ್ಷ ತುಂಬದ ಮಗುವಿನ ಮೇಲೆ ಅಜಾಗರೂಕತೆಯ ತಪ್ಪು ಹೊರಿಸಲು ಇಲ್ಲಿನ ಕಾನೂನು ಬಿಡುವುದಿಲ್ಲ.

ದುಡ್ಡು ಎಲ್ಲಿಂದ ಬರುತ್ತದೆ

'ಪಕ್ಕದ ಬೀದಿಯವರು, ದಿನಾ ಮುಖ ನೋಡಬೇಕು, ಅವರ ಮೇಲೆ ಕೇಸಾ?' ಈ ಮುಜುಗರ ಸಹಜ. ಸಾಮಾನ್ಯವಾಗಿ ದುಡ್ಡು ಕೊಡುವುದು ಅವರ ಮನೆ ವಿಮೆ ಅಥವಾ ಬಾಡಿಗೆದಾರರ ವಿಮೆಯ ಕಂಪನಿ. ಎಷ್ಟೋ ಪ್ರಕರಣ ಕೋರ್ಟಿನ ಮೆಟ್ಟಿಲು ಹತ್ತದೆ ಅಲ್ಲೇ ಮುಗಿಯುತ್ತವೆ. ಆಸ್ಪತ್ರೆ ಖರ್ಚು, ಮುಂದೆ ಕಲೆ ತೆಗೆಸುವ ಚಿಕಿತ್ಸೆಯ ಖರ್ಚು, ಕೆಲಸಕ್ಕೆ ಹೋಗದೆ ಕಳೆದುಕೊಂಡ ಸಂಬಳ, ನೋವು ಮತ್ತು ಭಯಕ್ಕೆ ಪರಿಹಾರ, ಎಲ್ಲ ಕೇಳಬಹುದು.

ಆ ಕಂಪನಿಯ ಅಡ್ಜಸ್ಟರ್, ಅಂದರೆ ಕ್ಲೇಮ್ ಪರಿಶೀಲಿಸುವವರು, ಬೇಗ ಫೋನ್ ಮಾಡುತ್ತಾರೆ, ತುಂಬ ಚೆನ್ನಾಗಿ ಮಾತಾಡುತ್ತಾರೆ. ಅವರು ನಿಮ್ಮ ಪರ ಅಲ್ಲ. ಹೇಳಿಕೆಯನ್ನು ರೆಕಾರ್ಡ್ ಮಾಡಿಕೊಳ್ಳುತ್ತೇವೆ ಅಂದರೆ 'ಈಗ ಬೇಡ' ಅನ್ನುವ ಹಕ್ಕು ನಿಮಗಿದೆ. ಗಾಯ ಪೂರ್ತಿ ಮಾಯುವ ಮೊದಲು ಚೆಕ್ ಜೊತೆ ಬರುವ ಬಿಡುಗಡೆ ಪತ್ರಕ್ಕೆ ಸಹಿ ಹಾಕಬೇಡಿ, ಹಾಕಿದರೆ ಆಮೇಲೆ ಕೀವು ಬಂದರೂ ಕೇಳುವಂತಿಲ್ಲ.

ಇನ್ನೊಂದು ವಿಷಯ, ಹೊಸಬರಿಗೆ ಗೊತ್ತಾಗುವುದೇ ಇಲ್ಲ. ಕೆಲವು ವಾರದ ಮೇಲೆ ನಿಮ್ಮದೇ ಆರೋಗ್ಯ ವಿಮೆಯಿಂದ ಒಂದು ಕಾಗದ ಬರಬಹುದು, 'ಈ ಗಾಯ ಬೇರೆಯವರಿಂದ ಆಗಿದ್ದಾ?' ಅಂತ. ಜಾಹೀರಾತು ಅಂದುಕೊಂಡು ಕಸಕ್ಕೆ ಹಾಕಬೇಡಿ, ಉತ್ತರ ಬರೆಯಿರಿ. ನಿಮಗೆ ಪರಿಹಾರ ಬಂದರೆ ಅವರು ಕಟ್ಟಿದ್ದರಲ್ಲಿ ಪಾಲು ವಾಪಸ್ ಕೇಳಬಹುದು, ಚೌಕಾಸಿಗೆ ಅವಕಾಶ ಇದೆ. ವಿಸಿಟರ್ ವೀಸಾದಲ್ಲಿರುವ ಅಪ್ಪ-ಅಮ್ಮನಿಗೆ ಮಾಡಿಸುವ ಅಗ್ಗದ ಪ್ರವಾಸ ವಿಮೆಗಳಲ್ಲಿ ಒಂದೊಂದು ಭೇಟಿಗೆ ಇಷ್ಟೇ ಅಂತ ಮಿತಿ ಇರುತ್ತದೆ, ಎಮರ್ಜೆನ್ಸಿ ಬಿಲ್ಲಿನ ಮುಂದೆ ಅದು ಏನೇನೂ ಸಾಲದು. ಅವರು ಊರಿಗೆ ಹೋದ ಮೇಲೂ ಚಿಕಿತ್ಸೆ ಮುಂದುವರಿದರೆ ಅಲ್ಲಿನ ಬಿಲ್ಲುಗಳನ್ನೂ ಎತ್ತಿಡಿ.

ವೀಸಾ ಭಯ

ಎಚ್-1ಬಿ, ಎಚ್-4, ವಿಸಿಟರ್, ಯಾವುದೇ ಇರಲಿ. ಗಾಯಕ್ಕೆ ಪರಿಹಾರ ಕೇಳುವ ಹಕ್ಕಿಗೆ ವಲಸೆ ಸ್ಥಿತಿ ಅಡ್ಡ ಬರುವುದಿಲ್ಲ, ಇಂಥ ಕೇಸಿನಲ್ಲಿ ಅದನ್ನು ಸಾಕ್ಷ್ಯವಾಗಿ ತರುವಂತಿಲ್ಲ ಅಂತ ಕ್ಯಾಲಿಫೋರ್ನಿಯಾದ ಎವಿಡೆನ್ಸ್ ಕೋಡ್ ಸೆಕ್ಷನ್ 351.2 ಹೇಳುತ್ತದೆ. ಕೆಲಸದ ಅನುಮತಿ ಇಲ್ಲದ ಎಚ್-4ನವರು ಪರಿಹಾರ ಪಡೆದರೆ ತೊಂದರೆಯಾ ಅಂತ ಪ್ರತಿ ಸಲ ಕೇಳುತ್ತಾರೆ. ಅದು ದುಡಿಮೆಯ ಹಣ ಅಲ್ಲ. ದೈಹಿಕ ಗಾಯಕ್ಕೆ ಬಂದ ಪರಿಹಾರಕ್ಕೆ ಸಾಮಾನ್ಯವಾಗಿ ಫೆಡರಲ್ ಆದಾಯ ತೆರಿಗೆಯೂ ಇಲ್ಲ.

ಗಡುವು, ವಕೀಲರು

ಕೇಸ್ ಹಾಕಲು ಕಚ್ಚಿದ ದಿನದಿಂದ 2 ವರ್ಷ. ಮಗುವಿನ ಗಡುವು 18 ತುಂಬಿದ ಮೇಲೆ ಶುರುವಾಗುತ್ತದೆ, ಆದರೆ ಬಿಲ್ ಕಟ್ಟಿದ ಅಪ್ಪ-ಅಮ್ಮನ ಗಡುವು ಕಾಯುವುದಿಲ್ಲ, ಸಾಕ್ಷಿಗಳೂ ಕಾಯುವುದಿಲ್ಲ. ಪಾರ್ಕಿನ ಬೇಲಿ ಮುರಿದಿತ್ತು ಅಂತ ನಗರಸಭೆಯನ್ನೇ ಹೊಣೆ ಮಾಡುವುದಿದ್ದರೆ 6 ತಿಂಗಳ ಒಳಗೆ ಲಿಖಿತ ಕ್ಲೇಮ್ ಕೊಡಬೇಕು, ಮಗುವಿನ ವಿಷಯದಲ್ಲೂ ಇದನ್ನು ಮೀರಲು ಬಿಡಬೇಡಿ. ಮಗುವಿನ ಪರವಾಗಿ ಒಪ್ಪಂದವಾದರೆ ಅದಕ್ಕೆ ನ್ಯಾಯಾಧೀಶರ ಒಪ್ಪಿಗೆ ಬೇಕು.

ಸಣ್ಣ ಮೊತ್ತಕ್ಕೆ ಸ್ಮಾಲ್ ಕ್ಲೇಮ್ಸ್ ಕೋರ್ಟ್ ಸಾಕು. ಒಬ್ಬ ವ್ಯಕ್ತಿ 12,500 ಡಾಲರ್ ತನಕ ಕೇಳಬಹುದು, ಶುಲ್ಕ 30ರಿಂದ 75 ಡಾಲರ್, ವಕೀಲರು ಅಲ್ಲಿ ನಿಮ್ಮ ಪರ ನಿಂತು ವಾದಿಸುವಂತಿಲ್ಲ, ಎದುರಿನವರ ಪರವೂ ಇಲ್ಲ. ಕನ್ನಡ ದುಭಾಷಿ ಬೇಕಿದ್ದರೆ ಅರ್ಜಿ ಹಾಕುವಾಗಲೇ ಕೇಳಿ, ಹುಡುಕಲು ಅವರಿಗೂ ಸಮಯ ಬೇಕು. ಮುಖಕ್ಕೆ ಗಾಯ, ಶಸ್ತ್ರಚಿಕಿತ್ಸೆ, ಮಕ್ಕಳ ಗಾಯ ಇದ್ದರೆ ಮಾತ್ರ ವಕೀಲರನ್ನು ನೋಡಿ. ಮೊದಲ ಭೇಟಿ ಸಾಮಾನ್ಯವಾಗಿ ಉಚಿತ, ಗೆದ್ದರೆ ಮೂರನೇ ಒಂದು ಭಾಗದಷ್ಟು ತೆಗೆದುಕೊಳ್ಳುತ್ತಾರೆ, ಕೇಸ್ ದಾಖಲಾದ ಮೇಲೆ ಇನ್ನೂ ಜಾಸ್ತಿ. ಸೋತರೆ ಕೋರ್ಟ್ ಖರ್ಚು ಯಾರ ತಲೆಗೆ ಅನ್ನುವುದನ್ನು ಸಹಿ ಹಾಕುವ ಮೊದಲೇ ಕೇಳಿ.

ನಮ್ಮವರಲ್ಲೂ ಈಗ ಮನೆಮನೆಗೆ ಲ್ಯಾಬ್ರಡಾರ್ ಬಂದಿದೆ, ಹಾಗಾಗಿ ಇದೂ ಇರಲಿ. ನಿಮ್ಮ ನಾಯಿ ಕಚ್ಚಿದರೆ ಜಾಗ ಬಿಟ್ಟು ಹೋಗಬೇಡಿ, ಹೆಸರು, ನಂಬರ್, ಲಸಿಕೆ ಕಾಗದ ತೋರಿಸಿ, ವಿಮೆ ಕಂಪನಿಗೆ ಅಂದೇ ತಿಳಿಸಿ. ಕೆಲವು ಪಾಲಿಸಿಗಳು ಕೆಲವು ತಳಿಯ ನಾಯಿಗಳನ್ನು ಹೊರಗಿಡುತ್ತವೆ. ನಿಮ್ಮದು ಹೇಗೆ ಅಂತ ಏಜೆಂಟರಿಗೆ ಮೇಲ್ ಮಾಡಿ, ಉತ್ತರವನ್ನು ಬರಹದಲ್ಲೇ ತರಿಸಿಕೊಳ್ಳಿ.