ಮೂರು ಸಲ ಮರಳಿ ಬಂದ ಕೆಚ್ಚಲು ಬಾವು

ಮುಳಬಾಗಿಲು ತಾಲ್ಲೂಕಿನ ನಮ್ಮೂರಿನಲ್ಲಿ ನಾನು ಆರು ಸೀಮೆ ಹಸುಗಳನ್ನು ಸಾಕಿ, ಎರಡು ಹೊತ್ತೂ ಡೇರಿಗೆ ಹಾಲು ಹಾಕುತ್ತೇನೆ. ಅವುಗಳಲ್ಲಿ ಮೂರನೆಯ ಸೂಲಿನ ಗೌರಿಗೆ ಹಿಂದಿನ ಬಲ ಕೆಚ್ಚಲು ಒಂದೇ ವರ್ಷದಲ್ಲಿ ಮೂರು ಸಲ ಬಾತುಕೊಂಡಿತು. ಮೊದಲೆರಡು ಸಲ ಮೊಲೆಗೆ ಔಷಧದ ಟ್ಯೂಬು ಏರಿಸಿದ ಮರುದಿನವೇ ಬಾವು ಇಳಿದು, ಹಾಲಿನಲ್ಲಿ ಬರುತ್ತಿದ್ದ ಗರಣೆಗಳು ನಿಂತದ್ದರಿಂದ, ವಾಸಿಯಾಯಿತೆಂದು ತಿಳಿದು ಉಳಿದ ಟ್ಯೂಬನ್ನು ಸೂರಿಗೆ ಸಿಕ್ಕಿಸಿಟ್ಟುಬಿಟ್ಟೆ. ಔಷಧದ ಹಾಲನ್ನು ಡೇರಿಗೆ ಹಾಕುವಂತಿಲ್ಲ. ದಿನಗಟ್ಟಲೆ ಹಾಲು ಚೆಲ್ಲುವವನ ಹೊಟ್ಟೆಯುರಿ ಚೆಲ್ಲಿದವನಿಗೇ ಗೊತ್ತು.

ಮೂರನೆಯ ಸಲ ಪಶುವೈದ್ಯೆ ಹಾಲಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿದರು. ಸ್ಟೆಫೈಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಇದೆಯೆಂದೂ, ನಾನು ಹಾಕಿದ್ದ ಔಷಧಕ್ಕೇ ಅದು ಸಾಯುತ್ತದೆಯೆಂದೂ ವರದಿ ಬಂತು. ಸಾಯುವುದಾದರೆ ಮತ್ತೆ ಮತ್ತೆ ಏಕೆ ಬರುತ್ತದೆ ಎಂದು ಕೇಳಿದಾಗ ಅವರು ಕೊಟ್ಟಿಗೆಯ ನೀರಿನ ತೊಟ್ಟಿಯೊಳಗೆ ಬೆರಳಾಡಿಸಿ, "ಅಣ್ಣಾ, ನೀರು ಚೆಲ್ಲಿಬಿಟ್ರೆ ಈ ಲೋಳೆ ಹೋಗುತ್ತಾ? ಉಜ್ಜಬೇಕು ತಾನೆ? ಕೆಚ್ಚಲೊಳಗೆ ಉಜ್ಜೋಕಾಗಲ್ಲ," ಎಂದರು.

ಆ ಲೋಳೆಗೆ ಬಯೋಫಿಲ್ಮ್ ಎಂದು ಹೆಸರು. ಬ್ಯಾಕ್ಟೀರಿಯಾಗಳು ಹಾಲಿನ ನಾಳದ ಗೋಡೆಗೆ ಅಂಟಿಕೊಂಡು, ಸಕ್ಕರೆ ಜಾತಿಯ ಪದಾರ್ಥ, ಪ್ರೋಟೀನು ಮತ್ತು ಡಿಎನ್‌ಎಗಳಿಂದ ತಮ್ಮ ಸುತ್ತ ಅಂಟಿನ ಪೊರೆಯೊಂದನ್ನು ಕಟ್ಟಿಕೊಳ್ಳುತ್ತವೆ. ಪ್ರಯೋಗಾಲಯದ ಪರೀಕ್ಷೆ ಪೊರೆಯಿಲ್ಲದ ಬಿಡಿ ಬ್ಯಾಕ್ಟೀರಿಯಾಗಳ ಮೇಲೆ ನಡೆಯುತ್ತದೆ. ಪೊರೆಯೊಳಗಿನವನ್ನು ಕೊಲ್ಲಲು ಔಷಧ 10ರಿಂದ 1000 ಪಟ್ಟು ಹೆಚ್ಚು ಬೇಕಾಗಬಹುದು. ಪೆನಿಸಿಲಿನ್ ಜಾತಿಯ ಔಷಧಗಳು ಬೆಳೆಯುತ್ತಿರುವ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತವೆ, ಆದರೆ ಪೊರೆಯ ಆಳದಲ್ಲಿರುವ ಎಷ್ಟೋ ಬ್ಯಾಕ್ಟೀರಿಯಾಗಳು ಬೆಳವಣಿಗೆ ನಿಲ್ಲಿಸಿ ಸುಮ್ಮನೆ ಬಿದ್ದಿರುತ್ತವೆ. ಅಲ್ಲಿಂದ ಅವು ಬಿಟ್ಟು ಬಿಟ್ಟು ಹಾಲಿಗೆ ಬರುವುದರಿಂದ, ಒಮ್ಮೆ ಪರೀಕ್ಷೆಯಲ್ಲಿ ಸಿಗಲಿಲ್ಲವೆಂದ ಮಾತ್ರಕ್ಕೆ ರೋಗ ಹೋಯಿತೆಂದು ಹೇಳುವಂತಿಲ್ಲ.

ವೈದ್ಯೆ ಹೋದ ಮೇಲೆ ನನಗೆ ಹಾಲು ಕರೆಯುವ ಯಂತ್ರದ ಮೇಲೆ ಅನುಮಾನ ಬಂದು, ಮೊಲೆಗೆ ಹಾಕುವ ರಬ್ಬರ್ ಲೈನರೊಂದನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿದೆ. ಹೊರಗೆ ಫಳಫಳ ಹೊಳೆಯುತ್ತಿದ್ದ ಅದರ ಒಳಗೆ ಕೂದಲೆಳೆಯಂಥ ಬಿರುಕುಗಳಿದ್ದು, ಅವುಗಳ ತುಂಬ ಬಿಳಿ ಸುಣ್ಣದಂಥ ಗಸಿ ಕೂತಿತ್ತು. ಉಗುರಿನಿಂದ ಕೆರೆದರೆ ಹುಳಿ ನಾತದ ಜಿಡ್ಡು ಬಂತು. ಸುಮಾರು 2500 ಸಲ ಕರೆದ ಮೇಲೆ ರಬ್ಬರ್ ಲೈನರ್ ಬದಲಿಸಬೇಕು. ಆರು ಹಸುಗಳಿಗೆ ಒಂದೇ ಸೆಟ್ಟು, ದಿನಕ್ಕೆ ಹನ್ನೆರಡು ಸಲ ಎಂದರೆ ಏಳು ತಿಂಗಳೂ ತುಂಬುವುದಿಲ್ಲ. ನಾನು ಎರಡು ವರ್ಷ ಎಳೆದಿದ್ದೆ. ಇದಲ್ಲದೆ, ಕರೆದ ಕೂಡಲೇ ಕುದಿಯುವ ನೀರು ಸುರಿಯುತ್ತಿದ್ದೆ, ಅದನ್ನೇ ದೊಡ್ಡ ಶುಚಿತ್ವವೆಂದು ತಿಳಿದಿದ್ದೆ. ಹಾಗೆ ಮಾಡಿದರೆ ಹಾಲಿನ ಪ್ರೋಟೀನು ಬೆಂದು ರಬ್ಬರಿಗೇ ಅಂಟುತ್ತದೆ. ಈಗ ಮೊದಲು ಉಗುರುಬೆಚ್ಚಗಿನ ನೀರು, ಆಮೇಲೆ ಕ್ಷಾರದ ಸೋಪು ಹಾಕಿದ ಬಿಸಿನೀರು ಮತ್ತು ಬ್ರಷ್ಷು, ನಮ್ಮ ಬೋರ್‌ವೆಲ್ಲಿನದು ಗಡಸು ನೀರಾದ್ದರಿಂದ ವಾರಕ್ಕೊಮ್ಮೆ ಬೇರೆಯಾಗಿ ಆಮ್ಲದ ತೊಳೆತ.

ಉಳಿದ ಹಸುಗಳನ್ನು ಸೋಪಿನ ನೀರಿನಿಂದಲೇ ಪರೀಕ್ಷಿಸಿದೆ: ಅರ್ಧ ಲೀಟರ್ ನೀರಿಗೆ 15 ಗ್ರಾಂ ಬಟ್ಟೆ ಒಗೆಯುವ ಪುಡಿ ಕರಗಿಸಿ, ಪ್ರತಿ ಮೊಲೆಯ ಹಾಲಿಗೆ ಅಷ್ಟೇ ಪ್ರಮಾಣ ಬೆರೆಸಿ ತಿರುಗಿಸಿದರೆ, ಸೋಂಕಿರುವ ಹಾಲು ಮೊಟ್ಟೆಯ ಬಿಳಿಯಂತೆ ಗಟ್ಟಿಯಾಗುತ್ತದೆ. ಕಣ್ಣಿಗೆ ಚೆನ್ನಾಗಿಯೇ ಕಾಣುತ್ತಿದ್ದ ಇನ್ನೊಂದು ಹಸುವಿನ ಹಾಲೂ ಗಟ್ಟಿಯಾಯಿತು. ಅಂದಿನಿಂದ ಆರೋಗ್ಯವಂತ ಹಸುಗಳನ್ನು ಮೊದಲು, ಇವೆರಡನ್ನು ಕೊನೆಗೆ ಕರೆಯುತ್ತೇನೆ. ಕರೆದ ಕೂಡಲೇ ಮೊಲೆಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ, ಮೊಲೆಯ ತೂತು ಮುಚ್ಚಿಕೊಳ್ಳುವ ತನಕ ಅರ್ಧ ಗಂಟೆ ಮಲಗದಂತೆ ಮುಂದೆ ಹಸಿಹುಲ್ಲು ಹಾಕುತ್ತೇನೆ.

ಆ ಎರಡನೆಯ ಹಸು ಪೂರ್ತಿ ಚಿಕಿತ್ಸೆಯಿಂದ ಚೇತರಿಸಿಕೊಂಡಿತು. ಗೌರಿಯನ್ನು ಸಂತೆಗೆ ಹೊಡೆಯಿರಿ ಎಂದವರಿದ್ದರು, ಆದರೆ ಗೊತ್ತಿದ್ದೂ ರೋಗವನ್ನು ಇನ್ನೊಬ್ಬನ ಕೊಟ್ಟಿಗೆಗೆ ದಾಟಿಸಲು ಮನಸ್ಸು ಒಪ್ಪಲಿಲ್ಲ. ಹಾಲು ಬತ್ತಿಸುವಾಗ ನಾಲ್ಕು ಮೊಲೆಗೂ ಟ್ಯೂಬು ಹಾಕಿಸಿದೆ. ಕರು ಹಾಕಿ ಮೂರು ವಾರಕ್ಕೆ ಅದೇ ಮೊಲೆಯ ಹಾಲು ಬಟ್ಟಲಲ್ಲಿ ಮತ್ತೆ ಗಟ್ಟಿಯಾದ್ದರಿಂದ, ವೈದ್ಯೆ ಆ ಒಂದು ಭಾಗವನ್ನು ಶಾಶ್ವತವಾಗಿ ಬತ್ತಿಸಿದರು. ಈಗ ಗೌರಿ ಮೂರೇ ಮೊಲೆಯಲ್ಲಿ ಹಾಲು ಕೊಡುತ್ತಾಳೆ, ಸರದಿಯಲ್ಲಿ ಕೊನೆಯವಳಾಗಿ.