ಫಿಚ್‌ನಿಂದ ಫೆಡೆರಿಚಿಯನ್ನು ಕಳೆದಾಗ ಉಳಿದದ್ದು

ಇಂಗ್ಲಿಷ್ ಅನ್ವೇಷಣಾ ಕಥನಗಳನ್ನು ಜಾಗತೀಕರಣದ ಚರಿತ್ರೆಗೆ ಆಕರವಾಗಿ ಬಳಸುತ್ತೇನೆಂದು ಹೇಳಿದಾಗ ಹಿರಿಯರಲ್ಲಿ ಕೆಲವರು, ಅವುಗಳಲ್ಲಿ ಸಾಮ್ರಾಜ್ಯಶಾಹಿಯ ದೃಷ್ಟಿಕೋನ ಸಿಗಬಹುದೇ ಹೊರತು ಸರಕಿನ ಲೆಕ್ಕ ಸಿಗದು ಎಂದರು. ಇನ್ನು ಕೆಲವರು, ಈಸ್ಟ್ ಇಂಡಿಯಾ ಕಂಪನಿಯ ದಾಖಲೆಗಳಿರುವಾಗ ಈ ಕಥನಗಳೇಕೆ ಎಂದರು. ಕಂಪನಿಗೆ ಸನ್ನದು ಸಿಕ್ಕಿದ್ದೇ 1600ರ ಡಿಸೆಂಬರ್ 31ರಂದು. ಅದಕ್ಕೂ ಹಿಂದಿನ ದಶಕಗಳಿಗೆ ಕಂಪನಿಯ ಕಡತ ಎಲ್ಲಿಂದ ಬರಬೇಕು ಎಂಬ ನನ್ನ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ಈಗ ಲೇಖನ ಅಚ್ಚಾಗಿದೆ, ಅದನ್ನು ಹಿಂದೆ ತಿರಸ್ಕರಿಸಿದ್ದ ಪತ್ರಿಕೆಯೊಂದರ ಪರಿಶೀಲಕರೇ ವಿಧಾನದ ಬಗ್ಗೆ ವಿಚಾರಿಸುತ್ತಿದ್ದಾರೆ. ಆದ್ದರಿಂದ ಆ ವಿಧಾನವನ್ನು ಬರೆಯುತ್ತಿದ್ದೇನೆ, ಪೂರ್ತಿಯಾಗಿ ಅಲ್ಲದಿದ್ದರೂ.

ನಾನು ಹಿಡಿದದ್ದು ರಾಲ್ಫ್ ಫಿಚ್‌ನ ಕಥನ. 1583ರಲ್ಲಿ ಲಂಡನ್ ಬಿಟ್ಟು, ಹೋರ್ಮುಜ್‌ನಲ್ಲಿ ಪೋರ್ಚುಗೀಸರ ಸೆರೆಗೆ ಸಿಕ್ಕಿ, ಗೋವೆಯಿಂದ ತಪ್ಪಿಸಿಕೊಂಡು, ಬಿಜಾಪುರ, ಗೋಲ್ಕೊಂಡ, ಫತೇಪುರ ಸಿಕ್ರಿ, ಬಂಗಾಳ, ಬರ್ಮಾದ ಪೆಗು, ಮಲಕ್ಕಾ ಸುತ್ತಿ 1591ರಲ್ಲಿ ಊರು ಸೇರಿದ ಈ ವ್ಯಾಪಾರಿಯ ಬರಹ, ಯಾನಕಥನಗಳನ್ನು ಸಂಗ್ರಹಿಸಿದ ರಿಚರ್ಡ್ ಹ್ಯಾಕ್ಲೂಟ್‌ನ ಸಂಕಲನದ ಎರಡನೆಯ ಆವೃತ್ತಿಯಲ್ಲಿ, 1599ರ ಸಂಪುಟದಲ್ಲಿದೆ. ಅದೇ ಸಂಪುಟದಲ್ಲಿ ವೆನಿಸ್ಸಿನ ವರ್ತಕ ಸೆಸಾರೆ ಫೆಡೆರಿಚಿಯ ಕಥನವೂ ಇದೆ. ಫಿಚ್ ಅವನಿಂದ ಧಾರಾಳವಾಗಿ ಎತ್ತಿಕೊಂಡಿದ್ದಾನೆಂಬುದು ನಮ್ಮವರಿಗೆಲ್ಲ ಗೊತ್ತಿರುವ ಸಂಗತಿ, ಅವನನ್ನು ಆಕರವಾಗಿ ತಳ್ಳಿಹಾಕುವುದಕ್ಕೆ ಕೊಡುವ ಕಾರಣವೂ ಅದೇ. ಎತ್ತಿಕೊಂಡದ್ದನ್ನು ಸಾಲುಸಾಲಾಗಿ ಕಳೆದು, ಉಳಿದದ್ದರ ಮೇಲೆ ಮಾತ್ರ ವ್ಯಾಪಾರದ ಪಟ್ಟಿ ಕಟ್ಟಬೇಕೆಂಬುದು ನನ್ನ ಹಟವಾಗಿತ್ತು.

ಮೊದಲು ಯಂತ್ರವನ್ನು ನಂಬಿದೆ, ಅದು ಕೈಕೊಟ್ಟಿತು. 2015ರಲ್ಲಿ ಇಪ್ಪತ್ತೈದು ಸಾವಿರದಷ್ಟು ಹಳೆಯ ಇಂಗ್ಲಿಷ್ ಪುಸ್ತಕಗಳ ಬೆರಳಚ್ಚು ಪಠ್ಯ ಮುಕ್ತವಾಗಿ ಸಿಗುವಂತಾಗಿದ್ದರಿಂದ, ಸಮಾನ ಪದಸರಣಿಗಳನ್ನು ಹುಡುಕುವ ಒಂದು ಪ್ರೋಗ್ರಾಂ ಬರೆಸಿದೆ. ಅದಕ್ಕೆ ಹದಿನೈದೋ ಹದಿನೆಂಟೋ ಸಾವಿರ ರೂಪಾಯಿ ಹೋಯಿತು. ಒಂದೇ ಪದಕ್ಕೆ ಒಂದೇ ಪುಟದಲ್ಲಿ ಎರಡು ಕಾಗುಣಿತವಿರುವ ಕಾಲದ ಬರಹದಲ್ಲಿ, ಅದರಲ್ಲೂ ವಾಕ್ಯವನ್ನು ಕುಗ್ಗಿಸಿ ಬರೆದುಕೊಳ್ಳುವವನಲ್ಲಿ, ಇಂಥ ಹುಡುಕಾಟಕ್ಕೆ ಸಿಕ್ಕಿದ್ದು ಬಹಳ ಕಡಿಮೆ. ಸ್ಕ್ಯಾನ್ ಪ್ರತಿಗಳ ಪಠ್ಯ ಇನ್ನೂ ಕೆಟ್ಟದಾಗಿತ್ತು, ಏಕೆಂದರೆ ಹಳೆಯ ಅಚ್ಚಿನ ಉದ್ದನೆಯ ಎಸ್ ಅಕ್ಷರವನ್ನು ಯಂತ್ರ ಎಫ್ ಎಂದು ಓದಿತ್ತು.

ಕೊನೆಗೆ ಎರಡೂ ಪಠ್ಯಗಳನ್ನು ಅಗಲ ಅಂಚು ಬಿಟ್ಟು ಮುದ್ರಿಸಿ ಪಕ್ಕಪಕ್ಕದಲ್ಲಿ ಇಟ್ಟುಕೊಂಡು, ಬಣ್ಣದ ಪೆನ್ಸಿಲ್ ಹಿಡಿದು ಕುಳಿತೆ. ಫೆಡೆರಿಚಿಯಲ್ಲಿ ಇರುವುದಕ್ಕೆ ಕೆಂಪು, ಕೇಳಿ ಬರೆದದ್ದಕ್ಕೆ ನೀಲಿ, ಫಿಚ್ ಮಾತ್ರ ಬರೆಯಬಹುದಾದದ್ದಕ್ಕೆ ಹಸಿರು. ಪೆಗುವಿನ ಬಿಳಿ ಆನೆಗಳನ್ನು ಇಬ್ಬರೂ ನೋಡಿರಬಹುದು, ಆದ್ದರಿಂದ ವಿಷಯ ಒಂದೇ ಎಂಬುದು ಸಾಲದು. ಮೂರು ನಾಲ್ಕು ಸಂಗತಿಗಳು ಅದೇ ಅನುಕ್ರಮದಲ್ಲಿ ಬಂದರೆ ಮಾತ್ರ ಕೆಂಪು, ಅಂಕಿಗಳು ಬೇರೆಯಾಗಿದ್ದರೂ ಸರಿ. ಬದಲಾದ ಅಂಕಿಗಳನ್ನು ತೂಗಲು ಇನ್ನೊಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ, ಅದನ್ನು ಮುಂದಿನ ಲೇಖನದವರೆಗೆ ಹೇಳುವುದಿಲ್ಲ.

ಪೆಗುವಿನ ವರ್ಣನೆಯ ದೊಡ್ಡ ಪಾಲು ಕೆಂಪಾಯಿತು. ಇಬ್ಬರನ್ನೂ ಎರಡು ಸಾಕ್ಷಿಗಳೆಂದು ಎಣಿಸಿದರೆ 1560ರ ದಶಕದ ಪೆಗುವನ್ನೇ 1580ರ ದಶಕದ್ದೆಂದು ಬರೆಯುವ ಅಪಾಯ ಎಷ್ಟಿದೆಯೆಂದು ಆಗ ಕಣ್ಣಿಗೆ ಕಂಡಿತು. ಆದರೆ ಹಸಿರಾಗಿ ಉಳಿದದ್ದು ಬಂಗಾರದಂಥದ್ದು. ಗೋವೆಯಿಂದ ಬಿಜಾಪುರಕ್ಕೆ ಹೋಗುವ ದಾರಿಯಲ್ಲಿ, ಬೆಳಗಾವಿಯೆಂದು ಗುರುತಿಸಲಾಗುವ ಊರಿನಲ್ಲಿ ವಜ್ರ, ಮಾಣಿಕ್ಯ, ನೀಲಗಳ ದೊಡ್ಡ ಸಂತೆ; ಜೊತೆಗಿದ್ದ ವಿಲಿಯಂ ಲೀಡ್ಸ್ ರತ್ನಪಡಿ ವ್ಯಾಪಾರಿಯಾದ್ದರಿಂದ ಈ ಸಾಲಿಗೆ ತೂಕವಿದೆ. ಆಗ್ರಾದಿಂದ ಬಂಗಾಳಕ್ಕೆ ಉಪ್ಪು, ಅಫೀಮು, ಇಂಗು, ಸೀಸ, ಜಮಖಾನೆ ಹೇರಿಕೊಂಡು ಇಳಿದ ನೂರ ಎಂಬತ್ತು ದೋಣಿಗಳ ಸಾಲು. ಬಂಗಾಳದ ಸೋನಾರ್‌ಗಾಂವ್‌ನಿಂದ ಸಿಂಹಳ, ಪೆಗು, ಮಲಕ್ಕಾ, ಸುಮಾತ್ರಗಳಿಗೆ ಹೋಗುತ್ತಿದ್ದ ಹತ್ತಿಬಟ್ಟೆ ಮತ್ತು ಅಕ್ಕಿ. ಇಂದಿನ ಉತ್ತರ ಥಾಯ್ಲೆಂಡಿನ ಚಿಯಾಂಗ್ ಮಾಯ್‌ಗೆ ಕಸ್ತೂರಿ, ಚಿನ್ನ, ಬೆಳ್ಳಿ ತರುತ್ತಿದ್ದ ಚೀನೀ ವರ್ತಕರು. ಇವುಗಳಲ್ಲಿ ಯಾವುದೂ ಯುರೋಪಿನ ಹಡಗನ್ನು ಕಾಯುತ್ತಿರಲಿಲ್ಲ. ಆಗಲೇ ಓಡುತ್ತಿದ್ದ ವ್ಯಾಪಾರದ ಬೆನ್ನೇರಿ ಫಿಚ್ ಪ್ರಯಾಣ ಮಾಡಿದ, ಅಷ್ಟೆ. ನನ್ನ ವಾದವೆಲ್ಲ ಇದರ ಮೇಲೆಯೇ ನಿಂತಿದೆ.

ಕಳೆದು ಹಾಕಿದ ಫೆಡೆರಿಚಿಯನ್ನೂ ಎಸೆಯಬಾರದು. ತಾಳಿಕೋಟೆಯ ಯುದ್ಧವಾಗಿ ಎರಡು ವರ್ಷಕ್ಕೆ, 1567ರಲ್ಲಿ, ವಿಜಯನಗರದಲ್ಲಿದ್ದ ಆತ, ಗೋವೆಯಿಂದ ಅಲ್ಲಿಗೆ ಅರಬ್ಬೀ ಕುದುರೆ, ಮಖಮಲ್ಲು, ಪೋರ್ಚುಗಲ್ಲಿನ ರೇಷ್ಮೆ, ಕೇಸರಿ ಹೋಗಿ ರತ್ನಗಳೂ ಚಿನ್ನದ ವರಹಗಳೂ ಬರುತ್ತಿದ್ದುದನ್ನು ದಾಖಲಿಸಿದ್ದಾನೆ. ಅವನ ಪುಸ್ತಕ 1587ರಲ್ಲಿ ವೆನಿಸ್ಸಿನಲ್ಲಿ ಅಚ್ಚಾಗಿ ಮರುವರ್ಷವೇ ಲಂಡನ್ನಿನಲ್ಲಿ ಇಂಗ್ಲಿಷಿಗೆ ಬಂತು. ಇಂಗ್ಲಿಷ್ ಅನ್ವೇಷಣೆಯೆಂದು ನಾವು ಕರೆಯುವುದರಲ್ಲಿ ವೆನಿಸ್ಸಿನ ವರ್ತಕರ ಪಾಲೆಷ್ಟು ಎಂಬುದಕ್ಕೆ ನನ್ನ ಕೆಂಪು ಗೆರೆಗಳೇ ಲೆಕ್ಕ.

ನಡುವೆ ಒಂದು ಅಡ್ಡ ಪ್ರಯೋಗಕ್ಕೂ ಕೈಹಾಕಿದೆ. ಜೇಮ್ಸ್ ಕುಕ್‌ನ ಮೂರನೆಯ ಯಾನದ ನಾವಿಕರು ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ನೂಟ್ಕಾದಲ್ಲಿ ಕೊಂಡ ಕಡಲ ನೀರುನಾಯಿ ಚರ್ಮಗಳು 1779ರ ಕೊನೆಗೆ ಚೀನಾದ ಕ್ಯಾಂಟನ್ನಿನಲ್ಲಿ ಭಾರಿ ಬೆಲೆಗೆ ಹೋದ ಸುದ್ದಿ 1784ರ ಅಧಿಕೃತ ಕಥನದಲ್ಲಿ ಅಚ್ಚಾಯಿತು. ಮರುವರ್ಷದ ಕೊನೆಯಲ್ಲಿ ಜೇಮ್ಸ್ ಸ್ಟ್ರೇಂಜ್ ಎರಡು ಹಡಗು ಕಟ್ಟಿಕೊಂಡು ಮುಂಬಯಿಯಿಂದ ನೂಟ್ಕಾಕ್ಕೆ ಹೊರಟ. ಇಲ್ಲಿ ಪಠ್ಯ ವ್ಯಾಪಾರಕ್ಕೆ ಸಾಕ್ಷಿಯಾಗಿ ನಿಲ್ಲದೆ ವ್ಯಾಪಾರವನ್ನೇ ಹುಟ್ಟಿಸಿರುವುದರಿಂದ ನನ್ನ ಪೆನ್ಸಿಲ್ ವಿಧಾನ ಕೆಲಸಕ್ಕೆ ಬರಲಿಲ್ಲ, ಅದನ್ನು ಬಿಟ್ಟೆ.

ಒಟ್ಟು ಖರ್ಚು ಐವತ್ತು ಸಾವಿರದ ಆಸುಪಾಸು, ಎಲ್ಲವೂ ಕೈಯಿಂದ. ಅನುದಾನದ ಅರ್ಜಿ 'ವಿಷಯ ಸ್ಪಷ್ಟವಿಲ್ಲ' ಎಂಬ ಷರಾದೊಂದಿಗೆ ಹಿಂದಿರುಗಿತ್ತು. ಗ್ಲಾಸ್ಗೋದಲ್ಲಿ 1903ರಿಂದ 1905ರವರೆಗೆ ಅಚ್ಚಾದ ಹ್ಯಾಕ್ಲೂಟ್‌ನ ಹನ್ನೆರಡು ಸಂಪುಟಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗದಿದ್ದರೆ ಇದರ ಎರಡರಷ್ಟಾಗುತ್ತಿತ್ತು. ಈಗ ಇಂಗ್ಲಿಷ್ ನಾವಿಕ ವಿಲಿಯಂ ಡ್ಯಾಂಪಿಯರ್‌ನ ಸರದಿ: 1697ರ ಅಚ್ಚಿನ ಪುಸ್ತಕ ನನ್ನಲ್ಲಿದೆ, ಅದಕ್ಕೂ ಹಿಂದಿನ ಹಸ್ತಪ್ರತಿ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದರ ಛಾಯಾಪ್ರತಿಗೆ ಹಣ ಹೊಂದಿಸುವವರೆಗೆ ಅಚ್ಚಿನ ಮಿಂಡನಾವೊ (ಫಿಲಿಪೀನ್ಸಿನ ದ್ವೀಪ) ಭಾಗದಿಂದ ಸರಕಿನ ಪಟ್ಟಿ ಮಾಡುತ್ತಿದ್ದೇನೆ.