ಹುಟ್ಟಿದ ದಿನಾಂಕದ ಕಾಲಂ: ಪ್ರಶಸ್ತಿಗೊಂದು ಸಾರಾಂಶ ಸಿದ್ಧಪಡಿಸಿದ ನನ್ನ ಅನುಭವ

ಕರ್ನಾಟಕದ ಒಂದು ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಪೆಥಾಲಜಿಯಲ್ಲಿ, ಎಂದರೆ ದೇಹದ ತುಣುಕುಗಳನ್ನು ನೋಡಿ ರೋಗ ಗುರುತಿಸುವ ಶಾಸ್ತ್ರದಲ್ಲಿ, ಎಂ.ಡಿ. ಮುಗಿಸಿ ಅಮೆರಿಕಕ್ಕೆ ಬಂದವಳು ನಾನು. ಕಲಿತದ್ದನ್ನೇ ಇನ್ನೊಮ್ಮೆ ನಾಲ್ಕು ವರ್ಷದ ರೆಸಿಡೆನ್ಸಿಯಾಗಿ, ಎಂದರೆ ಆಸ್ಪತ್ರೆಯಲ್ಲಿ ದುಡಿಯುತ್ತ ಪಡೆಯುವ ತಜ್ಞ ತರಬೇತಿಯಾಗಿ, ಕಲಿತು, ಈಗ ಇಲ್ಲಿಯ ಒಂದು ಬೋಧನಾ ಆಸ್ಪತ್ರೆಯಲ್ಲಿ ಜಠರ ಮತ್ತು ಕರುಳಿನ ಬಯಾಪ್ಸಿಗಳನ್ನು ನೋಡುತ್ತಿದ್ದೇನೆ. ನಮ್ಮ ವಿಭಾಗದ ರೆಸಿಡೆಂಟ್‌ಗಳಲ್ಲಿ ಚೀನೀ ಮೂಲದವರು ಪ್ರತಿ ವರ್ಷವೂ ಒಬ್ಬಿಬ್ಬರಾದರೂ ಇರುತ್ತಾರೆ. ಅವರಲ್ಲೊಬ್ಬಾಕೆಯ ಸಂಶೋಧನಾ ಸಾರಾಂಶವನ್ನು ಪ್ರಶಸ್ತಿಗೆ ಕಳಿಸುವಾಗ ಮಾರ್ಗದರ್ಶಕಿಯಾಗಿ ನಾನು ಏನು ಮಾಡಿದೆ, ಎಲ್ಲಿ ಎಡವಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಪರದೇಶದಲ್ಲಿ ಪೆಥಾಲಜಿ ಕಲಿಯುತ್ತಿರುವ ನಮ್ಮವರಿಗೂ ಇದರ ಬಹುಪಾಲು ಅನ್ವಯಿಸುತ್ತದೆ.

ಉತ್ತರ ಅಮೆರಿಕದ ಪೆಥಾಲಜಿಸ್ಟರಿಗೆ ವರ್ಷದ ದೊಡ್ಡ ಜಾತ್ರೆಯೆಂದರೆ ಯುನೈಟೆಡ್ ಸ್ಟೇಟ್ಸ್ ಅಂಡ್ ಕೆನೇಡಿಯನ್ ಅಕಾಡೆಮಿ ಆಫ್ ಪೆಥಾಲಜಿ ಮಾರ್ಚಿನ ಸುಮಾರಿಗೆ ನಡೆಸುವ ಸಭೆ. ಮಾತಿನಲ್ಲಿ ಎಲ್ಲರೂ ಯು.ಎಸ್.ಕ್ಯಾಪ್ ಎನ್ನುತ್ತಾರೆ. 1906ರಲ್ಲಿ ಮಾಂಟ್ರಿಯಲ್‌ನ ಮಾಡ್ ಅಬಾಟ್ ಮೊದಲಾದವರು ವೈದ್ಯಕೀಯ ಮ್ಯೂಸಿಯಂಗಳ ಸಂಘವೆಂದು ಕಟ್ಟಿದ್ದು ಬೆಳೆದು ಇಂದಿನ ಅಕಾಡೆಮಿಯಾಗಿದೆ. ತರಬೇತಿಯಲ್ಲಿರುವವರಿಗೆ ಅಕಾಡೆಮಿಯದೇ ಆದ ಸ್ಟೋವೆಲ್–ಆರ್ಬಿಸನ್ ಪ್ರಶಸ್ತಿ ಇದೆ. ಅದರ ಜೊತೆಗೆ ಚೀನೀ ಮೂಲದ ಪೆಥಾಲಜಿಸ್ಟರ ಸಂಘವಾದ ಚೈನೀಸ್ ಅಮೆರಿಕನ್ ಪೆಥಾಲಜಿಸ್ಟ್ಸ್ ಅಸೋಸಿಯೇಷನ್, ಎಂದರೆ ಕಾಪಾ, ತರಬೇತಿಯಲ್ಲಿರುವವರ ಸಂಶೋಧನೆಯನ್ನು ಪ್ರಶಸ್ತಿ ಕೊಟ್ಟು ಗುರುತಿಸುತ್ತದೆ. ಭಾರತೀಯ ಮೂಲದವರಿಗೆ ಅಸೋಸಿಯೇಷನ್ ಆಫ್ ಇಂಡಿಯನ್ ಪೆಥಾಲಜಿಸ್ಟ್ಸ್ ಇನ್ ನಾರ್ತ್ ಅಮೆರಿಕ ಎಂಬ ಸಂಘವಿರುವುದರಿಂದ ಈ ವ್ಯವಸ್ಥೆ ನನಗೆ ಹೊಸದಾಗಿರಲಿಲ್ಲ. ಇಂಥ ಪ್ರಶಸ್ತಿಗಳಲ್ಲಿ ಹಣ ದೊಡ್ಡದಲ್ಲ. ಸಾವಿರಾರು ಮೈಲಿ ದಾಟಿ ಬಂದು, ಶಿಫಾರಸು ಪತ್ರ ಬರೆಯಲು ಪರಿಚಯದ ಹಿರಿಯರೇ ಇಲ್ಲದ ರೆಸಿಡೆಂಟ್‌ಗೆ, ತನ್ನ ಕೆಲಸವನ್ನು ನಾಲ್ಕು ಜನ ಹಿರಿಯರು ಕೂತು ಓದಿದರು ಎಂಬುದೇ ದೊಡ್ಡದು.

ನಮ್ಮಾಕೆ ಕ್ಯಾಲಿಫೋರ್ನಿಯಾದಲ್ಲೇ ಹುಟ್ಟಿದವಳು. ತಂದೆತಾಯಿ ಗುವಾಂಗ್‌ಡಾಂಗ್ ಪ್ರಾಂತದಿಂದ ಬಂದವರು. ಕಾಪಾ ಪ್ರಶಸ್ತಿಗೆ ಕಳಿಸೋಣ ಎಂದು ನಾನು ಹೇಳಿದಾಗ ಆಕೆ ಹಿಂಜರಿದಳು. "ಡಾಕ್ಟರ್, ನನ್ನ ಕ್ಯಾಂಟನೀಸ್ ಅಡುಗೆಮನೆಯ ಹೊಸಿಲು ದಾಟುವುದಿಲ್ಲ, ಮ್ಯಾಂಡರಿನ್ ಅಂತೂ ಬರುವುದೇ ಇಲ್ಲ. ಚೀನಾದಲ್ಲಿ ಎಂ.ಡಿ. ಮಾಡಿ, ಇಲ್ಲಿ ವರ್ಷಗಟ್ಟಲೆ ಪ್ರಯೋಗಾಲಯದಲ್ಲಿ ದುಡಿದು ರೆಸಿಡೆನ್ಸಿಗೆ ಬಂದವರ ಎದುರು ನಾನು ಯಾವ ಮುಖ ಇಟ್ಟುಕೊಂಡು ನಿಲ್ಲಲಿ?" ಎಂದಳು. ಆ ಮಾತಿನಲ್ಲಿ ಸತ್ಯವಿತ್ತು. ಚೀನೀ ಮೂಲದ ರೆಸಿಡೆಂಟ್ ಎಂದರೆ ಒಂದೇ ಬಗೆಯವರಲ್ಲ: ಒಂದು ಕಡೆ ಇಲ್ಲಿಯೇ ಹುಟ್ಟಿ ಬೆಳೆದವರು, ಇನ್ನೊಂದು ಕಡೆ ಅಲ್ಲಿ ವೈದ್ಯರಾಗಿ, ಇಲ್ಲಿ ಇಲಿಗಳ ಜೊತೆ ಹಲವು ವರ್ಷ ಕಳೆದು, ಮೂವತ್ತೈದು ದಾಟಿದ ಮೇಲೆ ಪರೀಕ್ಷೆ ಬರೆದು ಮತ್ತೆ ವಿದ್ಯಾರ್ಥಿಗಳಾದವರು. ಎರಡನೆಯವರ ಪ್ರಕಟಣೆಗಳ ಪಟ್ಟಿ ಮೊದಲೇ ಉದ್ದವಾಗಿರುತ್ತದೆ. ಆದರೆ ಸಂಘದ ಪ್ರಕಟಣೆಯನ್ನು ಇಬ್ಬರೂ ಕೂತು ಸಾಲುಸಾಲಾಗಿ ಓದಿದಾಗ ಭಾಷಾಪರೀಕ್ಷೆಯ ಮಾತು ಅದರಲ್ಲಿ ಎಲ್ಲೂ ಕಾಣಲಿಲ್ಲ. ಅರ್ಹತೆಯ ಷರತ್ತುಗಳನ್ನು ಸೀನಿಯರ್‌ಗಳ ಬಾಯಿಂದ ಕೇಳಿ ನಂಬಬಾರದು, ಆಯಾ ವರ್ಷದ ಪ್ರಕಟಣೆಯಲ್ಲೇ ಓದಬೇಕು. ಕಡೆಯ ದಿನಾಂಕವೂ ಹಾಗೆಯೇ.

ವಿಷಯ ಆರಿಸಿದ್ದು ನಾನು. ಜಠರದ ಕ್ಯಾನ್ಸರ್‌ಗಳಲ್ಲಿ ಒಂದು ಸಣ್ಣ ಪಾಲು ಎಪ್‌ಸ್ಟೀನ್–ಬಾರ್ ವೈರಸ್ಸಿಗೆ ಸಂಬಂಧಪಟ್ಟದ್ದು. 2014ರಲ್ಲಿ ಕ್ಯಾನ್ಸರ್ ಜೀನೋಮ್ ಅಟ್ಲಾಸ್ ತಂಡ 295 ಜಠರದ ಗೆಡ್ಡೆಗಳನ್ನು ನಾಲ್ಕು ಗುಂಪಾಗಿ ವಿಂಗಡಿಸಿದಾಗ ಈ ವೈರಸ್ಸಿನ ಗುಂಪು ಸುಮಾರು ಶೇಕಡಾ 9ರಷ್ಟಿತ್ತು. ಇವು ಗಂಡಸರಲ್ಲಿ ಹೆಚ್ಚು, ಜಠರದ ಮೇಲ್ಭಾಗದಲ್ಲಿ ಹೆಚ್ಚು, ಗೆಡ್ಡೆಯ ಸುತ್ತ ಲಿಂಫೋಸೈಟುಗಳ (ಬಿಳಿ ರಕ್ತಕಣಗಳ ಒಂದು ಬಗೆ) ದಟ್ಟಣೆಯೂ ಹೆಚ್ಚು. ದೇಹದ ರಕ್ಷಣಾ ಕೋಶಗಳನ್ನು ತಡೆಯುವ ಪಿಡಿ–ಎಲ್1 ಎಂಬ ಜೀನಿನ ಪ್ರತಿಗಳು ಹೆಚ್ಚಾಗಿರುವುದೂ ಈ ಗುಂಪಿನ ಗುರುತುಗಳಲ್ಲಿ ಒಂದಾದ್ದರಿಂದ, ಆ ರಕ್ಷಣೆಯನ್ನೇ ಎಬ್ಬಿಸುವ ಇಮ್ಯುನೋಥೆರಪಿ ಕೊಡುವವರಿಗೆ ಇದು ಮುಖ್ಯ. ಹಾಗಾದರೆ ಎಂಡೋಸ್ಕೋಪಿಯಲ್ಲಿ ಸಿಗುವ ಅಕ್ಕಿಕಾಳಿನಷ್ಟು ತುಣುಕಿನಲ್ಲಿ, ಮಾಮೂಲಿ ಗುಲಾಬಿ–ನೇರಳೆ ಬಣ್ಣದ ಸ್ಲೈಡನ್ನು ಮಾತ್ರ ನೋಡಿ, ಯಾವುದಕ್ಕೆ ವೈರಸ್ಸಿನ ಪರೀಕ್ಷೆ ಹಚ್ಚಬೇಕೆಂದು ಹೇಳಲಾಗುತ್ತದೆಯೇ? ಇದೇ ನಮ್ಮ ಪ್ರಶ್ನೆ. ರೆಸಿಡೆಂಟ್‌ಗೆ ಪ್ರಶ್ನೆ ಇಷ್ಟು ಚಿಕ್ಕದಾಗಿರಬೇಕು. ತಿಂಗಳಿಗೊಂದು ವಿಭಾಗ ಬದಲಿಸುತ್ತ, ರಾತ್ರಿ ಕರೆಗಳನ್ನೂ ನಿಭಾಯಿಸುವವರ ಕೈಗೆ ಐದು ವರ್ಷದ ಪ್ರಶ್ನೆ ಕೊಡುವ ಮಾರ್ಗದರ್ಶಕರನ್ನು ನಾನು ಕಂಡಿದ್ದೇನೆ. ಅದು ಕಲಿಸುವುದಲ್ಲ, ಹೊರೆ ಹೊರಿಸುವುದು.

ಈ ವೈರಸ್ಸಿನ ಹೆಸರಿನ ಬಗ್ಗೆಯೇ ಒಂದು ಮಾತು. 1964ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಮೂಲ ಲೇಖನಕ್ಕೆ ಮೂವರು ಲೇಖಕರು: ಎಪ್‌ಸ್ಟೀನ್, ಅಚಾಂಗ್, ಬಾರ್. ನಡುವಿನ ಬರ್ಟ್ ಅಚಾಂಗ್ ಟ್ರಿನಿಡಾಡಿನಲ್ಲಿ ಹುಟ್ಟಿದ ಪೆಥಾಲಜಿಸ್ಟ್, ಎಲೆಕ್ಟ್ರಾನ್ ಮೈಕ್ರೋಸ್ಕೋಪಿನವರು. ಮನೆತನದ ಹೆಸರು ಚೀನೀ ಮೂಲದ್ದು. ಆದರೆ ವೈರಸ್ಸು ಕಂಡ, ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶಗಳ ತಳಿಗೆ ಎಪ್‌ಸ್ಟೀನ್ ಮತ್ತು ಬಾರ್ ಅವರ ಮೊದಲಕ್ಷರಗಳಿಂದ ಇಬಿ ಎಂದು ಹೆಸರಿಟ್ಟಿದ್ದರಿಂದ, ವೈರಸ್ಸಿಗೂ ಅದೇ ಅಂಟಿಕೊಂಡು, ನಡುವಿನವರು ಬಿಟ್ಟುಹೋದರು. ಇದನ್ನು ನನಗೆ ಹೇಳಿದ್ದು ಆ ಹುಡುಗಿಯೇ. ಇಪ್ಪತ್ತು ವರ್ಷ ದಿನವೂ ಆ ವೈರಸ್ಸಿನ ಹೆಸರು ಬರೆದ ನನಗೆ ಮೂರನೆಯ ಹೆಸರೊಂದಿದೆ ಎಂದು ಗೊತ್ತೇ ಇರಲಿಲ್ಲ.

ಕೆಲಸದ ಕ್ರಮ ಹೀಗಿತ್ತು. ಮೊದಲು ಆಸ್ಪತ್ರೆಯ ನೈತಿಕ ಸಮಿತಿಯ ಒಪ್ಪಿಗೆ. ಆಮೇಲೆ ದಾಖಲೆಯಿಂದ ಪ್ರಕರಣಗಳ ಪಟ್ಟಿ. ಆಮೇಲೆ ನೆಲಮಾಳಿಗೆಯ ದಾಸ್ತಾನಿನಿಂದ ಬ್ಲಾಕುಗಳನ್ನು, ಎಂದರೆ ಬಯಾಪ್ಸಿ ತುಣುಕನ್ನು ಹುದುಗಿಸಿಟ್ಟ ಮೇಣದ ಗಟ್ಟಿಗಳನ್ನು, ತರಿಸಿ, ಇಬರ್ ಎಂದು ನಾವು ಕರೆಯುವ ಪರೀಕ್ಷೆ. ಇದರಲ್ಲಿ ವೈರಸ್ಸಿನ ಸಣ್ಣ ಆರ್‌ಎನ್‌ಎ ಇರುವ ಕೋಶಕೇಂದ್ರಗಳು ಗಾಢ ಬಣ್ಣ ತಾಳುತ್ತವೆ. ಇಲ್ಲಿ ಹೊಸಬರು ಮಾಡುವ ತಪ್ಪುಗಳು ಎರಡು. ಗೆಡ್ಡೆಯ ನಡುವೆ ಅಲ್ಲೊಂದು ಇಲ್ಲೊಂದು ಲಿಂಫೋಸೈಟು ಬಣ್ಣ ತಾಳಿದ್ದನ್ನೇ ನೋಡಿ ಪಾಸಿಟಿವ್ ಎನ್ನುವುದು ಒಂದು. ಬಣ್ಣ ಕ್ಯಾನ್ಸರ್ ಕೋಶದ ಕೇಂದ್ರದಲ್ಲೇ ಇರಬೇಕು. ಬಣ್ಣ ಬಾರದ್ದನ್ನೆಲ್ಲ ನೆಗೆಟಿವ್ ಎಂದು ಬರೆಯುವುದು ಇನ್ನೊಂದು. ಹಳೆಯ ಬ್ಲಾಕಿನಲ್ಲಿ, ಫಾರ್ಮಲಿನ್‌ನಲ್ಲಿ ಹೆಚ್ಚು ಹೊತ್ತು ಬಿದ್ದಿದ್ದ ತುಣುಕಿನಲ್ಲಿ ಆರ್‌ಎನ್‌ಎಯೇ ಹಾಳಾಗಿರಬಹುದು. ಆದ್ದರಿಂದ ಎಲ್ಲ ಕೋಶಗಳಲ್ಲೂ ಇರುವ ಆರ್‌ಎನ್‌ಎಯನ್ನು ತೋರಿಸುವ ನಿಯಂತ್ರಣ ಸ್ಲೈಡು ಪ್ರತಿ ಬ್ಲಾಕಿಗೂ ಬೇಕು. ಅದರಲ್ಲೂ ಬಣ್ಣ ಬಾರದಿದ್ದರೆ ಆ ಪ್ರಕರಣವನ್ನು ಕೈಬಿಡಬೇಕು. ಕೈಬಿಟ್ಟಾಗ ಪಟ್ಟಿ ಸಣ್ಣದಾಗುತ್ತದೆ, ರೆಸಿಡೆಂಟ್‌ನ ಮುಖವೂ ಸಣ್ಣದಾಗುತ್ತದೆ. ಅದಕ್ಕೆ ಮದ್ದಿಲ್ಲ.

ಮಾಮೂಲಿ ಸ್ಲೈಡುಗಳನ್ನು ನಾವಿಬ್ಬರೂ ಬೇರೆಬೇರೆಯಾಗಿ ನೋಡಿದೆವು. ವಿಭಾಗದ ತಂತ್ರಜ್ಞರೊಬ್ಬರು ಲೇಬಲ್ಲಿನ ಮೇಲೆ ಬಿಳಿ ಟೇಪು ಹಚ್ಚಿ ಹೊಸ ಸಂಖ್ಯೆ ಬರೆದುಕೊಟ್ಟರು. ಎರಡು ತಲೆಯ ಮೈಕ್ರೋಸ್ಕೋಪಿನಲ್ಲಿ ಜೊತೆಗೆ ಕೂತು ನೋಡಿದರೆ ನಾನು "ಊಂ" ಎಂದ ಕಡೆಯೆಲ್ಲ ಆಕೆಯೂ ಊಂ ಎನ್ನುತ್ತಾಳೆ. ಅಂಥ ಒಮ್ಮತಕ್ಕೆ ಬೆಲೆಯಿಲ್ಲ. ಬೇರೆಬೇರೆ ನೋಡಿ, ಇಬ್ಬರ ತೀರ್ಪು ಎಷ್ಟು ಹೊಂದುತ್ತದೆಂದು ಅಳೆಯುವ ಕಾಪ್ಪಾ ಎಂಬ ಅಂಕಿಯ ಲೆಕ್ಕ ಹಾಕಿದಾಗ ನಮ್ಮ ಒಮ್ಮತ ನಾನು ಎಣಿಸಿದ್ದಕ್ಕಿಂತ ಕಡಿಮೆ ಬಂತು. ಕಾರಣ ಹುಡುಕಿದರೆ, "ದಟ್ಟ ಲಿಂಫೋಸೈಟು" ಎಂಬ ಮಾತಿಗೆ ನನ್ನ ತಲೆಯಲ್ಲಿ ಒಂದು ಅಳತೆ, ಆಕೆಯ ತಲೆಯಲ್ಲಿ ಇನ್ನೊಂದು. ಅಳತೆಯನ್ನು ಮಾತಿನಲ್ಲಿ ಬರೆದಿಟ್ಟುಕೊಂಡು, ಮೂರು ವಾರ ಬಿಟ್ಟು ಮತ್ತೆ ಮೊದಲಿನಿಂದ ನೋಡಿದೆವು.

ಮಾರ್ಚಿನ ಸಭೆಗೆ ಸಾರಾಂಶ ಕಳಿಸುವ ಕಡೆಯ ದಿನ ಹಿಂದಿನ ವರ್ಷದ ಬೇಸಿಗೆ ಮುಗಿಯುವಷ್ಟರಲ್ಲೇ ಬಂದುಬಿಡುತ್ತದೆ. ಹಿನ್ನೆಲೆ, ವಿನ್ಯಾಸ, ಫಲಿತಾಂಶ, ನಿರ್ಣಯ ಎಂಬ ನಾಲ್ಕು ಭಾಗಗಳಲ್ಲಿ, ಅಕ್ಷರ ಎಣಿಸಿ ಬರೆಯಬೇಕು. ಕಡೆಯ ದಿನಕ್ಕೆ ಎರಡು ದಿನ ಮುಂಚೆ, ಎಲ್ಲ ಮುಗಿಯಿತು ಎಂದುಕೊಂಡಿದ್ದಾಗ, ಇಬ್ಬರು ರೋಗಿಗಳ ಎಂಡೋಸ್ಕೋಪಿ ವರದಿಯ ಒಕ್ಕಣೆ ತೀರ ಒಂದೇ ಥರ ಇದೆಯಲ್ಲ ಎಂದು ನನಗೆ ಅನಿಸಿತು. ಸಂಶೋಧನೆಯ ಪಟ್ಟಿಯಲ್ಲಿ ಹೆಸರಾಗಲಿ ಹುಟ್ಟಿದ ದಿನಾಂಕವಾಗಲಿ ಇರುವಂತಿಲ್ಲ; ಖಾಸಗಿತನದ ಅಮೆರಿಕನ್ ಕಾನೂನು ತೆಗೆಯಬೇಕೆಂದು ಹೇಳುವ 18 ಗುರುತುಗಳಲ್ಲಿ ಅವೂ ಸೇರಿವೆ, ಆಕೆ ಅವನ್ನು ಸರಿಯಾಗಿಯೇ ತೆಗೆದಿದ್ದಳು. ಬೀಗ ಹಾಕಿಟ್ಟಿದ್ದ ಮೂಲ ಪಟ್ಟಿಯನ್ನು ತೆರೆದು ನೋಡಿದೆವು. ಎರಡು ದಾಖಲೆ ಸಂಖ್ಯೆ, ಎರಡು ಹೆಸರು, ಒಂದೇ ಹುಟ್ಟಿದ ದಿನಾಂಕ. ಹೊರಗಿನ ಕ್ಲಿನಿಕ್ಕಿನಿಂದ ಅಭಿಪ್ರಾಯ ಕೇಳಿ ಸ್ಲೈಡು ಬಂದಾಗ ಮನೆತನದ ಹೆಸರು ಮುಂದೆ ಇತ್ತು. ರೋಗಿ ಸ್ವತಃ ನಮ್ಮಲ್ಲಿಗೆ ಬಂದಾಗ ಅದೇ ಹೆಸರು ತಿರುಗುಮುರುಗಾಗಿ, ನಡುವಿನ ಅಡ್ಡಗೆರೆಯೂ ಹೋಗಿ, ಹೊಸ ರೋಗಿಯೆಂದು ದಾಖಲಾಗಿತ್ತು. ಒಬ್ಬರೇ ಮನುಷ್ಯ, ಎರಡು ಸಾಲು, ಎರಡೂ ಪಾಸಿಟಿವ್.

ಆಕೆ ನಕ್ಕಳು, ಆಮೇಲೆ ಕಣ್ಣು ಒರೆಸಿಕೊಂಡಳು. "ನಮ್ಮ ಮನೆಯಲ್ಲೇ ಇದು ನಡೆಯುತ್ತದೆ. ಒಂದೇ ಚೀನೀ ಅಕ್ಷರ ಮ್ಯಾಂಡರಿನ್‌ನವರ ಬಾಯಲ್ಲಿ ಚೆನ್, ನಮ್ಮ ಬಾಯಲ್ಲಿ ಚಾನ್, ಹೊಕ್ಕಿಯೆನ್‌ನವರ ಬಾಯಲ್ಲಿ ಟಾನ್. ನಾನೇ ಗಮನಿಸಬೇಕಿತ್ತು" ಎಂದಳು. ನಾನೂ ಗಮನಿಸಬೇಕಿತ್ತು. ಮನೆತನದ ಹೆಸರಿನ ಖಾನೆಯನ್ನು ಖಾಲಿ ಬಿಟ್ಟ ಪಾಸ್‌ಪೋರ್ಟಿನೊಂದಿಗೆ ಇಲ್ಲಿಗೆ ಬಂದ ನನಗೆ ವೀಸಾದಲ್ಲಿ ಸಿಕ್ಕ ಮೊದಲ ಹೆಸರು ಎಫ್‌ಎನ್‌ಯು, ಅಂದರೆ ಮೊದಲ ಹೆಸರು ಗೊತ್ತಿಲ್ಲ. ಊರಿನ ಹೆಸರು, ತಂದೆಯ ಹೆಸರು ಎಲ್ಲ ಇನಿಶಿಯಲ್ ಆಗಿ ಮುಂದೆ ಕೂರುವ ನಾಡಿನಿಂದ ಬಂದವಳಾಗಿ ಈ ಗೋಜಲನ್ನು ನಾನು ಮೊದಲೇ ಊಹಿಸಬಹುದಿತ್ತು.

ಒಂದು ಸಾಲು ತೆಗೆದ ಮೇಲೆ ಲೆಕ್ಕವನ್ನೆಲ್ಲ ಮತ್ತೆ ಮಾಡಿದೆವು. ಪಾಸಿಟಿವ್ ಪ್ರಕರಣಗಳೇ ಬೆರಳೆಣಿಕೆಯಷ್ಟಿರುವಾಗ ಒಂದು ಹೋದರೂ ಫಲ ಅಲುಗಾಡುತ್ತದೆ. ಫಲ ಬರಿಯ ಆಕಸ್ಮಿಕವಲ್ಲ ಎನ್ನಲು ರೂಢಿಯ ಗೆರೆಯಾದ 0.05ರ ಒಳಗಿದ್ದ ಪಿ ಬೆಲೆಯೊಂದು ಹೊರಗೆ ಹೋಯಿತು. ಅದರ ಮೇಲೆ ನಿಂತಿದ್ದ, ಸಾರಾಂಶದಲ್ಲೇ ಅತ್ಯಂತ ಚೆಂದದ ವಾಕ್ಯವೂ ಹೋಯಿತು. ಅದರ ಜಾಗದಲ್ಲಿ "ಒಲವು ಕಂಡಿತು" ಎಂಬ ಮಾತು ಹಾಕೋಣವೇ ಎಂದು ಆಕೆ ಕೇಳಿದಳು. ಬೇಡ ಎಂದೆ. ಸ್ಲೈಡು ನೋಡಿ ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಬರೆಯುವವರು ಇಂಥ ಮಾತಿನ ಮರೆಯಲ್ಲಿ ನಿಲ್ಲಬಾರದೆಂಬುದು ನನ್ನ ಹಟ.

ಕಳಿಸುವ ಮುಂಚೆ ಇನ್ನೊಂದು ಕೆಲಸ ಮಾಡಿದೆವು: ಆಕೆಯ ಹೆಸರನ್ನು ಎಲ್ಲ ಕಡೆಯೂ ಒಂದೇ ರೂಪದಲ್ಲಿ ಬರೆದು, ಸಂಶೋಧಕರನ್ನು ಒಬ್ಬೊಬ್ಬರಾಗಿ ಗುರುತಿಸುವ ಹದಿನಾರು ಅಂಕಿಯ ಆರ್ಕಿಡ್ ಸಂಖ್ಯೆ ಜೋಡಿಸಿದೆವು. ವಾಂಗ್, ಲಿ, ಝಾಂಗ್ ಎಂಬ ಮನೆತನದವರು ಒಂದೇ ಇನಿಶಿಯಲ್ಲಿನೊಂದಿಗೆ ಲೆಕ್ಕವಿಲ್ಲದಷ್ಟು ಮಂದಿ ಇದ್ದಾರೆ. ಪ್ರಶಸ್ತಿ ಸಮಿತಿಯವರು ಹಳೆಯ ಪ್ರಕಟಣೆ ಹುಡುಕಿದರೆ ಆಕೆಯ ಕೆಲಸ ಆಕೆಯದಾಗಿಯೇ ಸಿಗಬೇಕು.

2024ರ ಮಾರ್ಚಿನಲ್ಲಿ ಬಾಲ್ಟಿಮೋರ್‌ನಲ್ಲಿ ಆಕೆಯ ಪೋಸ್ಟರ್ ಇತ್ತು, ಪ್ರಶಸ್ತಿ ಬರಲಿಲ್ಲ. ಹಿರಿಯರೊಬ್ಬರು ಪೋಸ್ಟರಿನ ಮುಂದೆ ಬಹಳ ಹೊತ್ತು ನಿಂತು, ನಿಯಂತ್ರಣ ಸ್ಲೈಡಿನಲ್ಲಿ ಎಷ್ಟು ಪ್ರಕರಣ ಕೈಬಿಟ್ಟಿರಿ ಎಂದು ಒಂದೇ ಪ್ರಶ್ನೆ ಕೇಳಿದರು. ಉತ್ತರ ಬರೆದುಕೊಂಡು ಹೋದರು. ಅವರ ಆಸ್ಪತ್ರೆಯ ಬ್ಲಾಕುಗಳೂ ಸೇರಿದ ಮೇಲೆ ಪಟ್ಟಿ ದೊಡ್ಡದಾಯಿತು, ಮರುವರ್ಷ ಬಾಸ್ಟನ್ನಿನ ಸಭೆಗೆ ಕಳಿಸಿದ ಸಾರಾಂಶಕ್ಕೆ ಪ್ರಶಸ್ತಿಯೂ ಬಂತು. ಫೋನಿನಲ್ಲಿ ಸುದ್ದಿ ಕೇಳಿದ ಆಕೆಯ ಅಮ್ಮ ಮೊದಲು ಕೇಳಿದ್ದು ಊಟ ಆಯಿತಾ ಎಂದಂತೆ.

ಈಗ ಯಾವ ರೆಸಿಡೆಂಟ್ ಪಟ್ಟಿ ಹಿಡಿದು ಬಂದರೂ, ಗುರುತುಗಳನ್ನು ಅಳಿಸುವ ಮೊದಲು, ಹುಟ್ಟಿದ ದಿನಾಂಕದ ಕಾಲಮ್ಮಿನ ಮೇಲೆ ಒತ್ತಿ ಪಟ್ಟಿಯನ್ನು ಕ್ರಮವಾಗಿ ಜೋಡಿಸಿ ತೋರಿಸಲು ಹೇಳುತ್ತೇನೆ. ಒಂದೇ ದಿನಾಂಕ ಅಕ್ಕಪಕ್ಕ ಬಂದು ನಿಂತರೆ ಕೂತು ನೋಡುತ್ತೇವೆ.